ನಾವೇನು ಮಾಡಬೇಕು?

ಕೇಳುಗರೇ, ನಮಸ್ಕಾರ.

ನೆಂಟರು ಇನ್ನೇನು ಬಂದರು ಅಂದಾಗ ಗಡಿಬಿಡಿಯಲ್ಲಿ ನಾವು ಮಾಡುವ ಕೆಲಸ ಒಂದಿದೆ. ಹರಡಿದ್ದನ್ನೆಲ್ಲ ಬಾಚಿ ಒಳಕೋಣೆಗೆ ತಳ್ಳಿ ಬಾಗಿಲು ಹಾಕಿಬಿಡುವುದು. ಹೊರಗೆಲ್ಲ ಫಳಫಳ. ನನ್ನ ಎಷ್ಟೋ ಆಗಮನ ಕಾಲಗಳು ಹೀಗೇ ಕಳೆದಿವೆ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಸೇರಿದ ಅವಧಿಯೇ ಆಗಮನ ಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಇದು ಶುರುವಾಗುತ್ತದೆ. ಹಾಗಾಗಿ ಒಂದು ವರ್ಷ 22 ದಿನ ಸಿಕ್ಕರೆ, ಇನ್ನೊಂದು ವರ್ಷ 28 ದಿನ. ಚರ್ಚಿನ ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಕಥೋಲಿಕರ ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಮಹಿಮೆಯ ಗೀತೆ ಇರುವುದಿಲ್ಲ. ಆ ಗೀತೆ ಶುರುವಾಗುವುದೇ ಕ್ರಿಸ್ತ ಹುಟ್ಟಿದ ರಾತ್ರಿ ದೇವದೂತರು ಹಾಡಿದ ಮಾತಿನಿಂದ. ಅದನ್ನು ಆ ರಾತ್ರಿಗೇ ಎತ್ತಿಡುತ್ತಾರೆ. ನನಗೆ ಇದು ತುಂಬಾ ಇಷ್ಟ. ಹಬ್ಬಕ್ಕೆ ಮುಂಚೆಯೇ ಹಬ್ಬದ ಹಾಡು ಹಾಡಿ ಮುಗಿಸುವ ನಮಗೆ ಸುಮ್ನೆ ಕಾಯುವುದು ಮರೆತೇ ಹೋಗಿದೆ, ಅಲ್ವಾ?

ಕಾಯಲಾರದ ಮಕ್ಕಳಿಗಾಗಿಯೇ ಹುಟ್ಟಿದ್ದು ಆಗಮನದ ಮೇಣದಬತ್ತಿಗಳು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯಮನೆ ನಡೆಸುತ್ತಿದ್ದ ಯೋಹಾನ್ ಹಿನ್‌ರಿಷ್ ವಿಖರ್ನ್, ಗಾಡಿಯ ಹಳೇ ಚಕ್ರವೊಂದಕ್ಕೆ ಮೇಣದಬತ್ತಿ ಸಿಕ್ಕಿಸಿದರು. ವಾರದ ದಿನಕ್ಕೊಂದು ಪುಟ್ಟ ಕೆಂಪು ಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ. ಹಬ್ಬಕ್ಕೆ ಎಷ್ಟು ದಿನ ಅಂತ ಮಕ್ಕಳು ಬೆಳಕು ನೋಡಿ ಎಣಿಸುತ್ತಿದ್ದರು.

ಆದರೆ ಎರಡನೇ ಭಾನುವಾರದ ಹೊತ್ತಿಗೆ ಚರ್ಚಿನಲ್ಲಿ ಓದುವ ಬೈಬಲ್ ಭಾಗದಲ್ಲಿ ಒಂದು ಗಡಸು ದನಿ ಕೇಳಿಸುತ್ತದೆ. ಒಂಟೆಯ ಕೂದಲಿನ ಬಟ್ಟೆ, ಮಿಡತೆ ಮತ್ತು ಕಾಡುಜೇನಿನ ಊಟ. ಕ್ರಿಸ್ತನಿಗೆ ದಾರಿ ಸಿದ್ಧಮಾಡಲು ಬಂದ ಪ್ರವಾದಿ, ಸ್ನಾನಿಕ ಯೊವಾನ್ನ. ತನ್ನನ್ನು ಹುಡುಕಿಕೊಂಡು ಅಷ್ಟು ದೂರ ಬಂದವರನ್ನೇ 'ಹಾವಿನ ಪೀಳಿಗೆ' ಅಂತ ಬೈಯುತ್ತಾನೆ! ಜನ ಎದ್ದು ಹೋಗುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾರೆ: ಹಾಗಾದರೆ ನಾವೇನು ಮಾಡಬೇಕು?

ಬೈಬಲ್‌ನಲ್ಲಿ ಲೂಕ ಬರೆದ ಶುಭಸಂದೇಶದ ಮೂರನೇ ಅಧ್ಯಾಯದಲ್ಲಿರುವ ಯೊವಾನ್ನನ ಉತ್ತರ ನೋಡಿ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರೇ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ. ಸೈನಿಕರೇ, ಹೆದರಿಸಿ ಹಣ ಕೀಳಬೇಡಿ, ಬರುವ ಸಂಬಳದಲ್ಲಿ ತೃಪ್ತಿಪಡಿ. ಅಷ್ಟೇ. ನನ್ನ ಹಾಗೆ ಕಾಡಿಗೆ ಬನ್ನಿ, ಮಿಡತೆ ತಿನ್ನಿ ಅನ್ನಲಿಲ್ಲ. ಸುಂಕದವನಿಗೆ ಕೆಲಸ ಬಿಡು ಅಂತಲೂ ಹೇಳಲಿಲ್ಲ. ನಾಳೆ ಬೆಳಿಗ್ಗೆ ಅದೇ ಕಟ್ಟೆಯಲ್ಲಿ ಕೂತು ಸರಿಯಾಗಿ ಲೆಕ್ಕ ಹಾಕು ಅಂದ. ನನ್ನ ಪ್ರಕಾರ ಇದು ಕಾಡಿಗೆ ಹೋಗುವುದಕ್ಕಿಂತ ಕಷ್ಟ.

ಯೊವಾನ್ನ ಸಾರಿದ್ದು ಮನಪರಿವರ್ತನೆಯನ್ನು. ಅದಕ್ಕೆ ಗ್ರೀಕಿನಲ್ಲಿ 'ಮೆಟನೋಯಿಯಾ' ಎನ್ನುತ್ತಾರೆ, ಮನಸ್ಸೇ ಬದಲಾಗುವುದು ಅಂತ. ನಮ್ಮ ಹಳೆಯ ಕನ್ನಡ ಬೈಬಲ್ ಇಲ್ಲಿ 'ತಿರುಗಿಕೊಳ್ಳಿರಿ' ಅನ್ನುತ್ತದೆ. ಎಂಥಾ ಸರಿಯಾದ ಮಾತು! ಬೇಜಾರು ಮಾಡಿಕೊಳ್ಳುವುದು ನಿಂತಲ್ಲೇ ಆಗುತ್ತದೆ. ತಿರುಗಬೇಕಾದರೆ ಕಾಲು ಎತ್ತಬೇಕು.

ನನಗೆ ಬೇಜಾರು ಮಾಡಿಕೊಳ್ಳುವುದು ಚೆನ್ನಾಗಿ ಬರುತ್ತಿತ್ತು. 'ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ' ಅಂತ ಮೂರು ವರ್ಷ ಡಿಸೆಂಬರಿನ ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವಾಗ, ಹೇಳಿಕೊಂಡೆ. ಕ್ಷಮೆ ಕೇಳಿದೆ, ಹಗುರಾಗಿ ಎದ್ದು ಬಂದೆ. ಒಳಕೋಣೆಯ ಬಾಗಿಲು ಹಾಕಿಯೇ ಇತ್ತು. ಮೂರನೇ ವರ್ಷ ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸರಿ, ನಾಳೆ ಏನು ಮಾಡ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ವರ್ಷದಲ್ಲಿ 'ನಾಳೆ'ಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಮಾರನೇ ದಿನ ಫೋನು ಹಿಡಿದು ಕೂತೆ. ಹೆಸರು ಒತ್ತಿದೆ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ತಪ್ಪು ಅವನದೂ ಇತ್ತಲ್ಲ ಅಂತ ಮನಸ್ಸು ಲೆಕ್ಕ ತೆಗೆಯಿತು. ಸುಂಕದ ಕಟ್ಟೆಯಲ್ಲಿ ಕೂತು ನಾನೇ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡುತ್ತಿದ್ದೆ. ಮತ್ತೆ ಒತ್ತಿದೆ. ಐದನೇ ರಿಂಗಿಗೆ ಎತ್ತಿದ.

"ಹೇಳು" ಅಂದ.

ಹೇಳಲು ತಯಾರು ಮಾಡಿಕೊಂಡಿದ್ದ ಒಂದು ಮಾತೂ ಬರಲಿಲ್ಲ. "ಮಂಡಿನೋವು ಹೇಗಿದೆ?" ಅಂತ ಕೇಳಿದೆ.

ನಮಸ್ಕಾರ.