ಕಿತ್ತ ಮೆಟ್ಟಿಲಿನ ಗುರುತು

ಸ್ನೇಹಿತರೇ, ಇವತ್ತು ನಾನು ಒಂದು ಮೆಟ್ಟಿಲಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಆ ಮೆಟ್ಟಿಲು ಈಗಿಲ್ಲ. ಇದ್ದ ಜಾಗದ ಗುರುತು ಮಾತ್ರ ಉಳಿದಿದೆ.

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನೌಕಾಪಡೆಯ ಮೆಕ್ಯಾನಿಕ್ ಶಾಲೆಯೊಂದಿತ್ತು. ಜನ ಅದನ್ನು ಕರೆಯುವುದು ಎಸ್ಮಾ ಎಂದು. ನಮ್ಮಲ್ಲಿ ಮುಷ್ಕರದ ಹೊತ್ತಿಗೆ ಕೇಳಿಬರುವ ಎಸ್ಮಾ ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ. 1976ರ ಮಾರ್ಚ್ 24ರಂದು ಸೇನೆ ಅಧಿಕಾರ ಕಿತ್ತುಕೊಂಡಿತು, ಶಾಲೆಯ ಆವರಣದಲ್ಲಿದ್ದ ಅಧಿಕಾರಿಗಳ ವಸತಿಗೃಹ ಗುಪ್ತ ಸೆರೆಮನೆಯಾಯಿತು. ನೆಲಮಾಳಿಗೆಯಲ್ಲಿ ಚಿತ್ರಹಿಂಸೆ. ಮಾಡಿನ ಕೆಳಗಿನ ಅಟ್ಟದಲ್ಲಿ ಕಾಲಿಗೆ ಸಂಕೋಲೆ, ತಲೆಗೆ ಮುಸುಕು ಹಾಕಿ ಮಲಗಿಸಿದ ಬಂದಿಗಳು. ಆ ಅಟ್ಟದ ಹೆಸರೇ 'ಕಪೂಚಾ', ಅಂದರೆ ಮುಸುಕು. ನಡುವಿನ ಮಹಡಿಗಳಲ್ಲಿ ಅಧಿಕಾರಿಗಳು ನಿದ್ದೆ ಮಾಡುತ್ತಿದ್ದರು. ನನ್ನನ್ನು ಎಲ್ಲಕ್ಕಿಂತ ಕಾಡುವುದು ಈ ನಡುಮಹಡಿಗಳು. ಬಂದಿಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದೊಯ್ಯುವಾಗ ಸಂಕೋಲೆಯ ಸದ್ದು ಆ ಮಲಗುವ ಕೋಣೆಗಳನ್ನು ದಾಟಿಯೇ ಹೋಗಬೇಕಿತ್ತು.

ಸೇನಾ ಆಡಳಿತ ತನ್ನ ವಿರೋಧಿಗಳೆಂದು ಕಂಡ ಸುಮಾರು 5,000 ಜನರನ್ನು ಇಲ್ಲಿಗೆ ಹಿಡಿದು ತಂದರು. ಬದುಕಿ ಹೊರಬಂದವರು ತೀರಾ ಕಡಿಮೆ. 'ಸ್ಥಳಾಂತರ' ಎಂಬ ಮಾತಿಗೆ ಅಲ್ಲಿ ಒಂದೇ ಅರ್ಥ: ಮದ್ದು ಚುಚ್ಚಿ ಅಮಲು ಬರಿಸಿ, ವಿಮಾನಕ್ಕೆ ಹಾಕಿ, ಜೀವಂತವಾಗಿ ನೀರಿಗೆ ಎಸೆಯುವುದು.

1979ರಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕು ಆಯೋಗ ತಪಾಸಣೆಗೆ ಬರುತ್ತದೆಂದು ಗೊತ್ತಾಯಿತು. ನೌಕಾಪಡೆ ಏನು ಮಾಡಿತು? ಬಂದಿಗಳನ್ನು ನದೀಮುಖಜ ಭೂಮಿಯ ಒಂದು ದ್ವೀಪಕ್ಕೆ ಸಾಗಿಸಿತು. ಆ ದ್ವೀಪದ ಹೆಸರು 'ಎಲ್ ಸಿಲೆನ್ಸಿಯೊ', ಮೌನ. ಇತ್ತ ಗಾರೆಯವರನ್ನು ಕರೆಸಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲನ್ನು ಕೀಳಿಸಿತು, ಲಿಫ್ಟನ್ನೂ ತೆಗೆಸಿತು. ಬದುಕಿ ಬಂದವರು "ಇಲ್ಲಿ ಮೆಟ್ಟಿಲಿತ್ತು" ಎಂದರೆ ಅವರು ಸುಳ್ಳುಗಾರರಾಗಬೇಕು, ಅಷ್ಟೇ ಉದ್ದೇಶ.

ಆದರೆ ಗೋಡೆ ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಕಿತ್ತ ಜಾಗದ ಕಲೆ ಉಳಿಯಿತು. ಬದುಕುಳಿದವರ ಮಾತು ನಿಜವೆಂದು ಹೇಳಲು ಮುಂದೆ ಆ ಕಲೆಯೇ ಸಾಕ್ಷಿಯಾಯಿತು.

1985ರಲ್ಲಿ ಸೇನಾ ಆಡಳಿತದ ಮುಖ್ಯಸ್ಥರ ವಿಚಾರಣೆ ನಡೆದು ವಿಡೇಲಾ, ಮಸ್ಸೇರಾ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ಮೊಕದ್ದಮೆ ತಡೆಯುವ ಎರಡು ಕಾನೂನುಗಳು ಬಂದವು, ಕ್ಷಮಾದಾನವೂ ಸಿಕ್ಕಿತು. 1998ರಲ್ಲಿ ಅಧ್ಯಕ್ಷ ಮೆನೆಮ್ ಒಂದು ಹೆಜ್ಜೆ ಮುಂದೆ ಹೋಗಿ, ಎಸ್ಮಾವನ್ನು ಕೆಡವಿ ಹಸಿರು ಬಯಲು ಮಾಡಿ ರಾಷ್ಟ್ರೀಯ ಏಕತೆಯ ಸ್ಮಾರಕ ನಿಲ್ಲಿಸೋಣ ಎಂದರು. ಮಕ್ಕಳ ಮೂಳೆ ಕೂಡ ಸಿಗದ ಮನೆಗಳ ಮುಂದೆ ಏಕತೆಯ ಮಾತು! ಕಾಣೆಯಾದವರ ಬಂಧುಗಳು ಕೋರ್ಟಿಗೆ ಹೋಗಿ ಅದನ್ನು ತಡೆದರು. ಅವತ್ತು ಅವರು ಸುಮ್ಮನಿದ್ದಿದ್ದರೆ ಇವತ್ತು ಅಲ್ಲಿ ಹುಲ್ಲು ಬೆಳೆದಿರುತ್ತಿತ್ತು.

2004ರಲ್ಲಿ ಸರ್ಕಾರ ಆವರಣವನ್ನು ನೌಕಾಪಡೆಯಿಂದ ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು. ಮ್ಯೂಸಿಯಂ ತೆರೆದದ್ದು ಮಾತ್ರ 2015ರಲ್ಲಿ. ಇಷ್ಟು ತಡವಾದದ್ದಕ್ಕೆ ಒಂದು ಕಾರಣ ಒಳಗೆ ಏನಿಡಬೇಕು ಎಂಬ ಜಗಳ. ಕೆಲವರಿಗೆ ಏನೂ ಇಡಬಾರದು ಎನ್ನಿಸಿತ್ತು. ಕಟ್ಟಡ ನ್ಯಾಯಾಲಯದ ಸಾಕ್ಷ್ಯವಾದ್ದರಿಂದ ಅದರ ಗೋಡೆಗಳನ್ನು ಬದಲಿಸುವಂತಿಲ್ಲ. ಹಾಗಾಗಿ ಫಲಕಗಳು ಗೋಡೆ ಮುಟ್ಟದೆ ದೂರ ನಿಂತಿವೆ. ಮೇಣದ ಬೊಂಬೆಗಳಿಲ್ಲ, ಚಿತ್ರಹಿಂಸೆಯ ಮರುಸೃಷ್ಟಿಯಿಲ್ಲ. ಇದು ಸರಿಯಾದ ತೀರ್ಮಾನ ಎಂದೇ ನಾನು ನಂಬುತ್ತೇನೆ. ಬೊಂಬೆ ನೋಡಿದವನಿಗೆ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ, ಅಷ್ಟೇ. ಖಾಲಿ ಅಟ್ಟದಲ್ಲಿ ನಿಂತವನು ಮಾತ್ರ ಇಲ್ಲಿ ಯಾರಿದ್ದರು ಎಂದು ಕೇಳಿಕೊಳ್ಳಲೇಬೇಕು.

ಸೇನಾ ಆಡಳಿತದಲ್ಲಿ ಇಡೀ ದೇಶದಲ್ಲಿ ಎಷ್ಟು ಜನ ಕಾಣೆಯಾದರು ಎಂಬ ವಾದ ಅಲ್ಲಿ ಇನ್ನೂ ನಿಂತಿಲ್ಲ. ಕಾಣೆಯಾದವರ ಬಗ್ಗೆ ಅರ್ಜೆಂಟೀನಾ ಸರ್ಕಾರವೇ ನೇಮಿಸಿದ ಆಯೋಗದ 1984ರ ವರದಿ ದಾಖಲಿಸಿದ್ದು 8,961 ಪ್ರಕರಣಗಳನ್ನು. ಮಾನವ ಹಕ್ಕು ಸಂಘಟನೆಗಳು ಹೇಳುವುದು 30,000. ಈ ಅಂತರ ಹಿಡಿದು ಹೀಯಾಳಿಸುವವರಿದ್ದಾರೆ. ಹೆಣ ಬಚ್ಚಿಟ್ಟು ಕಾಗದ ಇಲ್ಲವಾಗಿಸಿದವರನ್ನು ಬಿಟ್ಟು, ಮಕ್ಕಳನ್ನು ಕಳೆದುಕೊಂಡವರಿಂದ ಲೆಕ್ಕ ಕೇಳುವುದು ಯಾವ ನ್ಯಾಯ?

ಅಸುಸೇನಾ ವಿಲ್ಯಾಫ್ಲೋರ್ ಕಾಣೆಯಾದ ಮಗನನ್ನು ಹುಡುಕುತ್ತಾ ಇತರ ತಾಯಂದಿರನ್ನು ಒಟ್ಟುಗೂಡಿಸಿ, 1977ರಲ್ಲಿ ಪ್ಲಾಸಾ ದೆ ಮಾಯೊ ಚೌಕದಲ್ಲಿ ನಿಂತವರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರನ್ನೂ ಎತ್ತಿಕೊಂಡು ಹೋಗಿ ಎಸ್ಮಾದಲ್ಲಿಟ್ಟರು, ವಿಮಾನದಿಂದ ಎಸೆದರು. ಸಮುದ್ರ ಹೆಣವನ್ನು ದಡಕ್ಕೆ ತಂದು ಹಾಕಿತು. ಹೆಸರಿಲ್ಲದ ಗೋರಿಯಲ್ಲಿದ್ದ ಆ ಮೂಳೆಗಳು ಯಾರವೆಂದು ತಜ್ಞರು ಗುರುತಿಸಿದ್ದು 2005ರಲ್ಲಿ. ಅವರ ಬೂದಿ ಈಗ ಅದೇ ಚೌಕದ ನೆಲದಲ್ಲಿದೆ. ಅವರನ್ನು ಎಸೆದ ಸ್ಕೈವ್ಯಾನ್ ವಿಮಾನ ಅಮೆರಿಕದಲ್ಲಿ ಪತ್ತೆಯಾಯಿತು. ಮೊಕದ್ದಮೆ ತಡೆಯುತ್ತಿದ್ದ ಆ ಎರಡು ಕಾನೂನುಗಳು ರದ್ದಾದ ಮೇಲೆ, ಅದರ ಹಾರಾಟದ ದಾಖಲೆಗಳೇ ಪೈಲಟ್‌ಗಳಿಗೆ ಶಿಕ್ಷೆ ಕೊಡಿಸಲು ನೆರವಾದವು. 2023ರಲ್ಲಿ ಆ ವಿಮಾನವನ್ನು ಅರ್ಜೆಂಟೀನಾಗೆ ವಾಪಸ್ ತಂದು ಎಸ್ಮಾ ಆವರಣದಲ್ಲಿ ನಿಲ್ಲಿಸಿದ್ದಾರೆ.