ಬೆರಳಿಟ್ಟು ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಇಂಗ್ಲಿಷ್ ಚೆನ್ನಾಗಿ ಬರುವವರಿಗೆ. ದಿನವಿಡೀ ಡಾಕ್ಟರ ಜೊತೆ ಇಂಗ್ಲಿಷಿನಲ್ಲೇ ಮಾತಾಡುವ ನರ್ಸ್‌ಗಳು, ಎಂಜಿನಿಯರಿಂಗ್ ಮುಗಿಸಿ ಹೊರದೇಶಕ್ಕೆ ಓದಲು ಹೊರಟ ಹುಡುಗ ಹುಡುಗಿಯರು, ಅವರ ಫೀಸು ಕಟ್ಟಿ ರಿಸಲ್ಟಿಗೆ ಕಾಯುತ್ತಾ ಕೂತ ಅಪ್ಪ ಅಮ್ಮ, ನೀವೆಲ್ಲ ಈಗ ರೇಡಿಯೊ ಹತ್ತಿರ ಇದ್ದೀರಿ ಅಂದುಕೊಂಡೇ ಮಾತಾಡುತ್ತಿದ್ದೇನೆ. ಐಇಎಲ್‌ಟಿಎಸ್, ಒಇಟಿ, ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗಳ ಹೆಸರುಗಳು ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಬರುತ್ತಿರಬಹುದು.

ಈ ಪರೀಕ್ಷೆಗಳಲ್ಲಿ ಮಾತಾಡುವುದಕ್ಕೆ, ಬರೆಯುವುದಕ್ಕೆ ಎಲ್ಲರೂ ಹೆದರುತ್ತಾರೆ. ಹೆದರಿಕೊಂಡು ತಯಾರಿಯನ್ನೂ ಮಾಡುತ್ತಾರೆ. ಕೇಳುವುದು, ಓದುವುದು ಅಂದರೆ ಮಾತ್ರ "ಅದೇನು ಬಿಡಿ ಮೇಡಂ, ನಮಗೆ ಬರುತ್ತೆ" ಅನ್ನುತ್ತಾರೆ. ಅಂಕ ಹೋಗುವುದು ಅಲ್ಲೇ. ನಾನು 20 ವರ್ಷಗಳಿಂದ ಈ ಪಾಠ ಮಾಡುತ್ತಿದ್ದೇನೆ. ಹೇಳುತ್ತಾ ಬಂದಿರುವುದು ಒಂದೇ ಮಾತು. ಉತ್ತರ ಎಲ್ಲಿದೆ? ಬೆರಳಿಟ್ಟು ತೋರಿಸಿ.

ಮೊದಲು ನಿಮಗೊಂದು ಪುಟ್ಟ ಪರೀಕ್ಷೆ. ಕನ್ನಡದಲ್ಲೇ. ಒಂದು ಗ್ರಂಥಾಲಯದ ಪ್ರಕಟಣೆ ಓದುತ್ತೇನೆ. ಒಂದೇ ಸಲ ಓದುತ್ತೇನೆ, ಯಾಕಂದರೆ ಪರೀಕ್ಷೆಯಲ್ಲೂ ಒಂದೇ ಸಲ ಕೇಳಿಸುವುದು. ಕೈಯಲ್ಲಿರುವ ಕೆಲಸ ಅರ್ಧ ನಿಮಿಷ ಬಿಡಿ.

"ಓದುಗರ ಗಮನಕ್ಕೆ. ನಮ್ಮ ಗ್ರಂಥಾಲಯಕ್ಕೆ ಸೋಮವಾರ ರಜೆ ಎಂದು ಬೋರ್ಡಿನಲ್ಲಿ ಹಾಕಿದ್ದೆವು. ಸೋಮವಾರ ಪರೀಕ್ಷೆಗೆ ಓದುವ ಮಕ್ಕಳು ಜಾಸ್ತಿ ಬರುತ್ತಿರುವುದರಿಂದ ರಜೆಯನ್ನು ಮಂಗಳವಾರಕ್ಕೆ, ಕ್ಷಮಿಸಿ, ಬುಧವಾರಕ್ಕೆ ಬದಲಾಯಿಸಿದ್ದೇವೆ. ಮಂಗಳವಾರ ಎಂದಿನಂತೆ ತೆರೆದಿರುತ್ತದೆ. ಹೊಸದಾಗಿ ಬಂದ ಪುಸ್ತಕಗಳನ್ನು ಮಹಡಿಯ ಮೇಲೆ ಜೋಡಿಸಿದ್ದೇವೆ."

ಅಷ್ಟೇ. ಈಗ ಎರಡು ಪ್ರಶ್ನೆ. ಮೊದಲನೆಯದು, ರಜೆ ಯಾವ ದಿನ? ಎರಡನೆಯದು, "ಹೊಸ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು." ಇದು ಸರಿಯೋ, ತಪ್ಪೋ, ಹೇಳಿಲ್ಲವೋ? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೊನೆಯಲ್ಲಿ ಹೇಳುತ್ತೇನೆ.

ಪರೀಕ್ಷೆ ಹೇಗಿರುತ್ತೆ ಅಂತ ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗೆ ಎರಡೇ ಮಾತು. ಐಇಎಲ್‌ಟಿಎಸ್ ಶುರುವಾಗಿದ್ದು 1989ರಲ್ಲಿ. ಅದರಲ್ಲಿ ಕೇಳುವ ಭಾಗಕ್ಕೆ 40 ಪ್ರಶ್ನೆ, ಸುಮಾರು 30 ನಿಮಿಷ. ಓದುವ ಭಾಗಕ್ಕೂ 40 ಪ್ರಶ್ನೆ, ಒಂದು ಗಂಟೆ. ಫಲಿತಾಂಶವನ್ನು ಬ್ಯಾಂಡ್ ಅನ್ನುತ್ತಾರೆ, ಅತಿ ಹೆಚ್ಚು ಅಂದರೆ 9. ಒಇಟಿ ಅನ್ನುವುದು ನರ್ಸ್‌, ಡಾಕ್ಟರು, ಫಾರ್ಮಸಿಸ್ಟ್ ಇಂಥವರಿಗೆಂದೇ ಇರುವ ಪರೀಕ್ಷೆ. ಅಲ್ಲಿ ಕೇಳಲು 42 ಪ್ರಶ್ನೆ, ಓದಲು 42 ಪ್ರಶ್ನೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಬೇಕಾದರೆ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5 ಸಾಕು. ಓದಲು, ಕೇಳಲು ಮಾತ್ರ 7 ಬೇಕೇ ಬೇಕು. ಆ 7 ಸಿಗಲು 40ರಲ್ಲಿ ಸುಮಾರು 30 ಸರಿ ಇರಬೇಕು. ಹತ್ತು ತಪ್ಪು ಮಾಡಿದರೂ ಪಾಸು. ಆದರೂ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಯಾಕೆ? ಒಬ್ಬ ಸಿಸ್ಟರ್ ಕಥೆ ಹೇಳುತ್ತೇನೆ. ನನ್ನ ಎಲ್ಲ ಬ್ಯಾಚಿಗೂ ಮೊದಲ ದಿನ ಇದನ್ನೇ ಹೇಳುವುದು.

ಅವರು ಕರಾವಳಿಯವರು. ಆಸ್ಪತ್ರೆಯಲ್ಲಿ 13 ವರ್ಷ ಕೆಲಸ ಮಾಡಿದ್ದರು. ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ಸಲ ಪರೀಕ್ಷೆ ಬರೆದು, ಮೂರು ಸಲವೂ ಓದುವುದರಲ್ಲಿ 6.5 ಬಂದಿತ್ತು. ಮಾತಿಗೆ ಕೂತರೆ ಇಂಗ್ಲಿಷ್ ನೀರು ಹರಿದ ಹಾಗೆ. ಒಂದು ಕೋಚಿಂಗ್ ಸೆಂಟರಿನಲ್ಲಿ ಅವರಿಗೆ "ಪ್ಯಾಸೇಜ್ ಓದಲೇಬೇಡಿ, ಪ್ರಶ್ನೆಯಲ್ಲಿರುವ ಪದ ಎಲ್ಲಿ ಕಾಣುತ್ತೋ ಅಲ್ಲಿ ಉತ್ತರ ಇರುತ್ತೆ" ಅಂತ ಕಲಿಸಿದ್ದರು. ಈ ಉಪಾಯ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ಪ್ರಶ್ನೆ ಮಾಡುವವರು ಅಷ್ಟು ದಡ್ಡರಾ? ಪ್ಯಾಸೇಜಿನಲ್ಲಿ ಒಂದು ಪದ ಇದ್ದರೆ ಪ್ರಶ್ನೆಯಲ್ಲಿ ಅದೇ ಅರ್ಥದ ಬೇರೆ ಪದ ಇಟ್ಟಿರುತ್ತಾರೆ. ಅದೇ ಪದ ಎದ್ದು ಕಾಣುವ ಕಡೆ ಎಷ್ಟೋ ಸಲ ಬಲೆ ಇರುತ್ತೆ.

ಇರಲಿ. ನಾನೇ ಬರೆದ ಒಂದು ಸಣ್ಣ ಇಂಗ್ಲಿಷ್ ಪ್ಯಾಸೇಜ್ ಅವರಿಗೆ ಕೊಟ್ಟೆ. ಅವರ ಊರಿನದೇ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದಕ್ಕೇ ಬೇಸಿಗೆಯಲ್ಲೇ ಮೀನಿಗೆ ಉಪ್ಪು ಹಾಕಿ, ಬಿಸಿಲಿಗೆ ಒಣಗಿಸಿ, ಮಳೆಗಾಲಕ್ಕೆ ಕೂಡಿಡುತ್ತಾರೆ. ಇಷ್ಟೇ ಸಾರ. ಕೆಳಗೆ ಮೂರು ವಾಕ್ಯ. ಪ್ರತಿಯೊಂದರ ಎದುರಿಗೂ ಟ್ರೂ, ಫಾಲ್ಸ್, ನಾಟ್ ಗಿವನ್ ಈ ಮೂರರಲ್ಲಿ ಒಂದು ಬರೆಯಬೇಕು. ಮೊದಲ ವಾಕ್ಯ, ಯಾಂತ್ರಿಕ ದೋಣಿಗಳು ಎರಡು ತಿಂಗಳು ಮೀನು ಹಿಡಿಯುವುದಿಲ್ಲ. ಟ್ರೂ ಅಂತ ಬರೆದರು, ಸರಿ. ಎರಡನೆಯದು, ಮೀನನ್ನು ನೆರಳಿನಲ್ಲಿ ಒಣಗಿಸುತ್ತಾರೆ. ಫಾಲ್ಸ್ ಅಂತ ಬರೆದರು, ಅದೂ ಸರಿ. ಮೂರನೆಯದು, ಉಪ್ಪು ಮೀನು ತಿಂದರೆ ಬಿಪಿ ಏರುತ್ತದೆ. ಪೆನ್ನು ಎತ್ತದೆ ಟ್ರೂ ಅಂತ ಬರೆದುಬಿಟ್ಟರು.

"ಸಿಸ್ಟರ್, ಅದು ಎಲ್ಲಿದೆ? ಬೆರಳಿಟ್ಟು ತೋರಿಸಿ" ಅಂದೆ.

ತೋರುಬೆರಳನ್ನು ಮೊದಲ ಸಾಲಿನ ಮೇಲಿಟ್ಟರು. ಸರಿಸುತ್ತಾ ಹೋದರು. ಉಪ್ಪು ಅನ್ನುವ ಪದ ಬಂದಲ್ಲಿ ಬೆರಳು ನಿಂತಿತು. ತುಟಿ ಅಲ್ಲಾಡುತ್ತಿತ್ತು. ಮತ್ತೆ ಮುಂದೆ ಹೋಯಿತು. ಕೊನೆಯ ಸಾಲು ದಾಟಿ, ಖಾಲಿ ಕಾಗದದ ಮೇಲೆ ಬಂದು ನಿಂತಿತು. ಅಲ್ಲಿಂದ ಬೆರಳು ತೆಗೆಯಲೇ ಇಲ್ಲ.

"ಇಲ್ಲಿ ಬರೆದಿಲ್ಲ ಮೇಡಂ. ಆದರೆ ನಿಜ ಅಲ್ವಾ? 13 ವರ್ಷದಿಂದ ಪೇಷಂಟ್‌ಗಳಿಗೆ ಉಪ್ಪು ಕಡಿಮೆ ಮಾಡಿ ಅಂತ ಹೇಳ್ತಾ ಇದ್ದೀನಿ. ನನಗೇ ಗೊತ್ತಿಲ್ಲ ಅಂತ ಹೇಗೆ ಬರೀಲಿ?"

ನೋಡಿ, ರೋಗ ಅಲ್ಲಿತ್ತು. ನಾಟ್ ಗಿವನ್ ಅಂದರೆ "ನನಗೆ ಗೊತ್ತಿಲ್ಲ" ಅಂತ ಅವರು ತಿಳಿದುಕೊಂಡಿದ್ದರು. ಹಾಗೆ ಬರೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಗೊತ್ತಿರುವ ಯಾರಿಗೆ ತಾನೇ ಬರುತ್ತೆ? ನಾಟ್ ಗಿವನ್ ಅಂದರೆ "ಈ ಕಾಗದದಲ್ಲಿ ಇಲ್ಲ" ಅಂತ ಅರ್ಥ. ಅಷ್ಟೇ. ನಿಮಗೆ ಗೊತ್ತಿದೆಯೋ ಇಲ್ಲವೋ ಅಂತ ಯಾರೂ ಕೇಳುತ್ತಿಲ್ಲ.

ಇಷ್ಟು ಹೇಳಿದರೂ ಅವರ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಆಗ ಕೇಳಿದೆ. "ಸಿಸ್ಟರ್, ಡಾಕ್ಟರು ಕೇಸ್ ಶೀಟಿನಲ್ಲಿ ಮಾತ್ರೆ ಹೆಸರು ಬರೆದಿದ್ದಾರೆ, ಡೋಸ್ ಬರೆಯಲು ಮರೆತಿದ್ದಾರೆ. ನಿಮಗೆ ಆ ಮಾತ್ರೆ ಚೆನ್ನಾಗಿ ಗೊತ್ತು. ದಿನಾ ಕೊಡುವ ಡೋಸೂ ಗೊತ್ತು. ನೀವೇ ಬರೆದು ಕೊಟ್ಟುಬಿಡ್ತೀರಾ?"

"ಅಯ್ಯೋ, ಎಲ್ಲಾದರೂ ಉಂಟಾ ಮೇಡಂ? ಡಾಕ್ಟರಿಗೆ ಫೋನ್ ಮಾಡಿ ಕೇಳ್ತೀನಿ."

"ಯಾಕೆ? ನಿಮಗೆ ಗೊತ್ತಿದೆಯಲ್ಲ?"

"ಗೊತ್ತಿದ್ದರೆ ಏನಾಯ್ತು, ಶೀಟಿನಲ್ಲಿ ಇಲ್ಲವಲ್ಲ..." ಅಂದವರು ಅಲ್ಲಿಗೇ ನಿಂತರು. ಕಾಗದ ನೋಡಿದರು, ನನ್ನನ್ನು ನೋಡಿದರು. ಟ್ರೂ ಅನ್ನುವುದನ್ನು ಹೊಡೆದುಹಾಕಿ ನಾಟ್ ಗಿವನ್ ಅಂತ ಬರೆದರು. ಆಮೇಲೆ ಆ ಮೂರು ಪರೀಕ್ಷೆಗಳ ಬಗ್ಗೆ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಒಂದೊಂದು ಸಲವೂ ಕಟ್ಟಿದ ಫೀಸು ಸಣ್ಣದಲ್ಲ.

ಅವತ್ತಿನಿಂದ ನಾವು ಮಾಡಿದ ಅಭ್ಯಾಸ ಇಷ್ಟೇ. ಪ್ರತಿ ಉತ್ತರಕ್ಕೂ ಬೆರಳು. ಬೆರಳು ಕೂತ ಸಾಲು ಅದೇ ಮಾತನ್ನು ಹೇಳಿದರೆ ಟ್ರೂ. ಬೆರಳು ಕೂತ ಸಾಲು ಉಲ್ಟಾ ಹೇಳಿದರೆ ಫಾಲ್ಸ್. ಬೆರಳಿಗೆ ಕೂರಲು ಜಾಗವೇ ಇಲ್ಲದಿದ್ದರೆ ನಾಟ್ ಗಿವನ್. ಆರು ವಾರ ಹೀಗೆ ಮಾಡಿದರು. ನಾಲ್ಕನೇ ಸಲ ಓದುವುದರಲ್ಲಿ 7.5 ಬಂತು. ಒಂದೇ ಒಂದು ಹೊಸ ಇಂಗ್ಲಿಷ್ ಪದ ನಾನು ಕಲಿಸಿರಲಿಲ್ಲ. ಕಲಿಸುವ ಅಗತ್ಯವೂ ಇರಲಿಲ್ಲ.

ಇಂಗ್ಲಿಷ್ ಅರೆಬರೆ ಬರುವವರಿಗೆ ಈ ತೊಂದರೆ ಕಡಿಮೆ. ಅವರು ಪದ ಪದ ಹಿಡಿದುಕೊಂಡು ಓದುತ್ತಾರೆ. ಚೆನ್ನಾಗಿ ಬರುವವರು ಅರ್ಧ ಓದಿ, ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ. ನಾವು ಶಾಲೆಯಲ್ಲಿ ಓದು ಅಂದರೆ ಏನು ಕಲಿತೆವು, ನೆನಪಿಸಿಕೊಳ್ಳಿ. ಎದ್ದು ನಿಂತು, ತಡವರಿಸದೆ ಗಟ್ಟಿಯಾಗಿ ಓದಿದರೆ ಮೇಷ್ಟ್ರು "ಭೇಷ್" ಅನ್ನುತ್ತಿದ್ದರು. ಏನು ಅರ್ಥವಾಯಿತು ಅಂತ ಕೇಳಿದ್ದು ಎಷ್ಟು ಸಲ? ಇದು ನಮ್ಮ ಶಾಲೆಗಳ ಕಥೆ ಮಾತ್ರ ಅಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 1913ರಲ್ಲಿ ಮೊದಲ ಸಲ ಪ್ರೊಫಿಷಿಯೆನ್ಸಿ ಅನ್ನುವ ಇಂಗ್ಲಿಷ್ ಪರೀಕ್ಷೆ ಇಟ್ಟಾಗ ಕೇಳುವುದಕ್ಕೆ ಇದ್ದದ್ದು ಅರ್ಧ ಗಂಟೆಯ ಉಕ್ತಲೇಖನ. ಗಟ್ಟಿಯಾಗಿ ಓದಿಸುವುದೂ ಇತ್ತು. ಕೂತವರು ಮೂರೇ ಜನ, ಪಾಸಾದವರು ಯಾರೂ ಇಲ್ಲ! ಈಗಿನ ಪರೀಕ್ಷೆ ಕೇಳುವುದೇ ಬೇರೆ. ಇಲ್ಲಿ ಏನು ಹೇಳಿದೆ, ಏನು ಹೇಳಿಲ್ಲ, ಬೇರೆ ಮಾಡಿ ತೋರಿಸಿ ಅನ್ನುತ್ತೆ.

ಸಮಯ ಓಡುತ್ತಿದೆ. ಕೇಳುವ ಭಾಗದ ಬಗ್ಗೆ ಬೇಗ ಬೇಗ ಹೇಳಿಬಿಡುತ್ತೇನೆ. ಅಲ್ಲೂ ಕಥೆ ಅದೇ. ಮೊದಲ ಭಾಗದಲ್ಲಿ ಇಬ್ಬರು ಮಾತಾಡುತ್ತಾರೆ, ರೂಮ್ ಬುಕ್ ಮಾಡುವುದೋ ಮತ್ತೊಂದೋ. "ಹದಿನೈದಕ್ಕೆ ಬರ್ತೀವಿ" ಅಂತ ಕೇಳಿಸಿದ ಕೂಡಲೇ ನಮ್ಮ ಹುಡುಗರು 15 ಅಂತ ಬರೆದು ಪೆನ್ನು ಕೆಳಗಿಡುತ್ತಾರೆ. ಎರಡು ಸೆಕೆಂಡ್ ಬಿಟ್ಟು "ಅಲ್ಲ ಅಲ್ಲ, ಹದಿನಾರು" ಅಂತ ಬರುತ್ತೆ. ಅಷ್ಟೊತ್ತಿಗೆ ಕಿವಿ ಮುಚ್ಚಿರುತ್ತೆ. ಪೆನ್ನು ಇಡಬೇಡಿ, ವಾಕ್ಯ ಮುಗಿಯಲಿ.

ಧ್ವನಿ ಕೇಳಿಸುವ ಮೊದಲು ಪ್ರಶ್ನೆ ಓದಲು ಸ್ವಲ್ಪ ಹೊತ್ತು ಕೊಡುತ್ತಾರೆ. ಅದು ನಿಮ್ಮ ಹೊತ್ತು, ಸುಮ್ನೆ ಕೂರಬೇಡಿ. ಬೇಕಾಗಿರುವುದು ಹೆಸರೋ, ದಿನವೋ, ದುಡ್ಡೋ ಅಂತ ನೋಡಿಟ್ಟುಕೊಳ್ಳಿ. ಎರಡು ಪದಕ್ಕಿಂತ ಹೆಚ್ಚು ಬರೆಯಬೇಡಿ ಅಂದಿದ್ದರೆ ಮೂರನೆಯದು ಬರೆದರೆ ಅಂಕ ಇಲ್ಲ. ಸ್ಪೆಲ್ಲಿಂಗ್ ತಪ್ಪಿದರೂ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

"ಅವರ ಉಚ್ಚಾರಣೆ ಅರ್ಥ ಆಗಲ್ಲ, ಏನು ಮಾಡಲಿ" ಅಂತ ತುಂಬ ಜನ ಕೇಳುತ್ತಾರೆ. ಬ್ರಿಟಿಷರು, ಆಸ್ಟ್ರೇಲಿಯಾದವರು, ನ್ಯೂಜಿಲೆಂಡಿನವರು, ಅಮೆರಿಕದವರು, ಎಲ್ಲರ ದನಿಯೂ ಬರುತ್ತೆ, ನಿಜ. ಸಿನಿಮಾ ನೋಡಿ ಅಂತ ಸಲಹೆ ಕೊಡುವವರಿದ್ದಾರೆ. ಸಿನಿಮಾದಲ್ಲಿ ಚಿತ್ರವೇ ಅರ್ಧ ಕಥೆ ಹೇಳಿಬಿಡುತ್ತೆ, ಕಿವಿಗೆ ಕೆಲಸವೇ ಇರುವುದಿಲ್ಲ. ರೇಡಿಯೊ ಸುದ್ದಿ ಕೇಳಿ, ಸಂದರ್ಶನ ಕೇಳಿ. ಮಾದರಿ ಪರೀಕ್ಷೆ ಮಾಡಿದ ಮೇಲೆ ಅದರ ಪೂರ್ತಿ ಮಾತು ಅಚ್ಚಾಗಿರುವ ಪುಟ ತೆಗೆಯಿರಿ. ನೀವು ಬರೆದ ಉತ್ತರ ಅಲ್ಲಿ ಯಾವ ಪದದಲ್ಲಿದೆ? ಬೆರಳಿಟ್ಟು ನೋಡಿ. ಬೆರಳಿಗೆ ಜಾಗ ಸಿಗದ ಉತ್ತರ ನಿಮ್ಮ ತಲೆಯಿಂದ ಬಂದದ್ದು, ಕಿವಿಯಿಂದ ಬಂದದ್ದಲ್ಲ. ದಿನಾ 20 ನಿಮಿಷ ಸಾಕು. ಓದುವ ಭಾಗದಲ್ಲಿ ಕಾಲು ಗಂಟೆ ದಾಟಿದರೂ ಮೊದಲ ಪ್ಯಾಸೇಜಿನಲ್ಲೇ ಇದ್ದರೆ ಏನು ಮಾಡಬೇಕು ಅಂತ ಹೇಳಬೇಕಿತ್ತು, ಅದಕ್ಕೆ ಈಗ ಪುರುಸೊತ್ತಿಲ್ಲ. ಗಡಿಯಾರ ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿ ಅಂತಷ್ಟೇ ಹೇಳುತ್ತೇನೆ.

ಈಗ ಆ ಚೀಟಿ ತೆಗೆಯಿರಿ. ಮೊದಲ ಉತ್ತರ, ಬುಧವಾರ. ಮಂಗಳವಾರ ಅಂತ ಬರೆದವರು "ಕ್ಷಮಿಸಿ" ಅನ್ನುವ ಪದವನ್ನು ಕೇಳಿಸಿಕೊಳ್ಳಲಿಲ್ಲ. ಎರಡನೆಯದು? ಹೊಸ ಪುಸ್ತಕ ಮನೆಗೆ ಕೊಡುವುದಿಲ್ಲ ಅನ್ನುವುದು ನಿಮ್ಮೂರ ಗ್ರಂಥಾಲಯದ ನಿಯಮ ಇರಬಹುದು. ನಾನು ಓದಿದ್ದು ಪುಸ್ತಕಗಳು ಮಹಡಿಯ ಮೇಲಿವೆ ಎಂದಷ್ಟೇ.

ನಮಸ್ಕಾರ.