ಕೇಳದೇ ಬಂದ ಓದು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕಾಲದಲ್ಲಿ ಊಟ ಬಿಟ್ಟು ಓದುತ್ತಿದ್ದ ಪುಸ್ತಕವನ್ನು ಈಗ ಕೈಗೆತ್ತಿಕೊಂಡರೆ ನಾಲ್ಕು ಪುಟ ಮುಂದೆ ಹೋಗುವುದಿಲ್ಲ. ಆಗ ಬೇಡ ಎಂದು ಪಕ್ಕಕ್ಕಿಟ್ಟದ್ದನ್ನು ಈಗ ನಿದ್ದೆಗೆಟ್ಟು ಓದುತ್ತೇವೆ. ನಿಮಗೂ ಹೀಗೆ ಆಗಿರಬೇಕು, ಅಲ್ವಾ? ವಯಸ್ಸಾಯಿತು, ಬುದ್ಧಿ ಬಲಿಯಿತು, ಅದಕ್ಕೇ ರುಚಿ ಬದಲಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜ ಎಂದು ನನಗೆ ಅನ್ನಿಸುವುದಿಲ್ಲ. ನನ್ನ ರುಚಿ ಬದಲಾದದ್ದು ಹೆಚ್ಚಾಗಿ ನಾನು ಕೇಳದೇ ಇದ್ದದ್ದು ಕೈಗೆ ಬಂದಾಗ.

ನಾನು ಬೆಳೆದದ್ದು ಮಂಡ್ಯದಲ್ಲಿ. ಮನೆಗೆ ಚಂದಮಾಮ ಬರುತ್ತಿತ್ತು. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಪತ್ರಿಕೆ ಅದು, 1949ರಲ್ಲಿ ಕನ್ನಡಕ್ಕೂ ಬಂತು. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿರಿದು ನಡೆಯುವ ವಿಕ್ರಮನ ಚಿತ್ರ ನಿಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರುತ್ತದೆ. ಅದನ್ನು ಬರೆದವರು ಶಂಕರ್ ಎಂಬ ಕಲಾವಿದರು. ನಮಗೆ ಆ ಚಿತ್ರವೇ ಕಥೆ. ಬೇತಾಳ ಕೊನೆಯಲ್ಲಿ ಕೇಳುವ ಪ್ರಶ್ನೆಯನ್ನು ಯಾರು ಓದುತ್ತಿದ್ದರು? ಆಮೇಲೆ ಅಮರ ಚಿತ್ರ ಕಥೆ ಸಿಕ್ಕಿತು. 1967ರಲ್ಲಿ ಆ ಮಾಲೆಯನ್ನು ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅದನ್ನು ಓದುವಾಗಲೂ ಅಷ್ಟೇ, ಮೊದಲು ಯುದ್ಧದ ಪುಟ ಹುಡುಕುವುದು.

ಆ ಓದು ಬದಲಾದದ್ದು ನಮ್ಮ ಸೋದರತ್ತೆಯಿಂದ. ಅವರಿಗೆ ವಾರಪತ್ರಿಕೆಯ ಧಾರಾವಾಹಿ ಎಂದರೆ ಪ್ರಾಣ. ಸುಧಾ ಬಂದ ದಿನ ಯಾರೂ ಮುಟ್ಟುವ ಹಾಗಿರಲಿಲ್ಲ. ಎಲ್ಲರೂ ಓದಿ ಮುಗಿಸಿದ ಮೇಲೆ ಕಾದಂಬರಿಯ ಹಾಳೆಗಳನ್ನು ಮಾತ್ರ ಪಿನ್ನಿನಿಂದ ಬಿಡಿಸಿ ಹಾಸಿಗೆಯ ಕೆಳಗೆ ಇಡುತ್ತಿದ್ದರು. ಕಥೆ ಮುಗಿದ ಮೇಲೆ ಒಂದು ಮಧ್ಯಾಹ್ನ ಎಲ್ಲವನ್ನೂ ಜೋಡಿಸಿ, ಅಂಚು ತಟ್ಟಿ ಸಮ ಮಾಡಿ, ದಬ್ಬಳದಿಂದ ತೂತು ಕೊರೆದು, ದಪ್ಪ ದಾರ ಹಾಕಿ ಹೊಲಿಯುವುದು. ಹಳೆಯ ಕ್ಯಾಲೆಂಡರಿನ ರಟ್ಟು ಮೇಲ್ಹೊದಿಕೆ. ಅಂಟಿಗೆ ಮೈದಾ ಕುದಿಸುವಾಗ ಚೂರು ಮೈಲುತುತ್ತು ಹಾಕುತ್ತಿದ್ದರು, ಹುಳ ತಿನ್ನಬಾರದು ಅಂತ. ಆ ಬಟ್ಟಲನ್ನು ನಾವು ಮಕ್ಕಳು ಮುಟ್ಟಿದರೆ ಗದರುತ್ತಿದ್ದರು.

ಹೀಗೆ ಹೊಲಿದ ಕಾದಂಬರಿಯಲ್ಲಿ ಒಂದು ವಿಶೇಷ ಇರುತ್ತಿತ್ತು. ಕಥೆ ಒಂದು ಬದಿಯಲ್ಲಿ ಮುಗಿದರೆ ಹಾಳೆಯ ಹಿಂಬದಿಗೆ ಬೇರೇನೋ. ಅರ್ಧ ಅಡುಗೆ, ಅರ್ಧ ವ್ಯಂಗ್ಯಚಿತ್ರ, ತಲೆಯಿಲ್ಲದ ಒಂದು ಲೇಖನ. ಕಥೆ ಮುಗಿಸಿದ ಮೇಲೂ ಓದುವ ಹಸಿವು ಇದ್ದೇ ಇರುತ್ತಿತ್ತಲ್ಲ, ಸುಮ್ನೆ ಅದನ್ನೂ ಓದುತ್ತಿದ್ದೆ. ಅಂಥ ಒಂದು ಹಿಂಬದಿಯಲ್ಲಿ ಕೊಕ್ಕರೆ ಬೆಳ್ಳೂರಿನ ಬಗ್ಗೆ ಇತ್ತು. ನಮ್ಮದೇ ಜಿಲ್ಲೆ, ಮದ್ದೂರು ತಾಲ್ಲೂಕು. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಜನ ಅವನ್ನು ಮನೆಯವರಂತೆ ನೋಡಿಕೊಳ್ಳುತ್ತಾರೆ, ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಹಾಕುತ್ತಾರೆ ಎಂದು ಬರೆದಿತ್ತು. ಲೇಖನದ ಮೊದಲರ್ಧ ಇರಲೇ ಇಲ್ಲ. ಆ ಅರ್ಧ ಏನಿರಬಹುದು ಎಂದು ತಲೆ ಕೊರೆಯುತ್ತಿತ್ತು. ಕಥೆ ಬಿಟ್ಟು ಬೇರೇನನ್ನೂ ಓದದವಳು ಹಕ್ಕಿಗಳ ಪುಸ್ತಕ ಹುಡುಕಲು ಶುರು ಮಾಡಿದ್ದು ಅಲ್ಲಿಂದ. ಇವತ್ತಿಗೂ ನನ್ನ ಕಪಾಟಿನಲ್ಲಿ ಕಾದಂಬರಿಗಿಂತ ಅವೇ ಜಾಸ್ತಿ.

ನಡುವೆ ಪತ್ತೇದಾರಿ ಹುಚ್ಚೂ ಬಂದು ಹೋಯಿತು. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಒಂದೇ ಉಸಿರಿಗೆ ಮುಗಿಸುತ್ತಿದ್ದೆವು. ಅವರು ಬರೆದದ್ದೇ ಐನೂರು ದಾಟುತ್ತದೆ. ಎಷ್ಟೋ ಮನೆಗಳಿಗೆ ಓದಿನ ರುಚಿ ಹತ್ತಿಸಿದವರು ಅವರು. ಆ ಋಣ ದೊಡ್ಡದು.

ತ್ರಿವೇಣಿಯವರ ಮಾತು ಬೇರೆ. ಅವರು 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು, ಬಾಳಿದ್ದು ಮೈಸೂರಿನಲ್ಲಿ. ಶರಪಂಜರವನ್ನು ಕಾಲೇಜಿನಲ್ಲಿ ಓದಿದಾಗ ಕಾವೇರಿಗಾಗಿ ಅತ್ತಿದ್ದೆ. ಮನೆ, ಮಕ್ಕಳು ಎಲ್ಲ ಆದ ಮೇಲೆ ಮತ್ತೆ ಓದಿದೆ. ಈ ಸಲ ಕಣ್ಣು ಹೋದದ್ದು ಅವಳ ಸುತ್ತಲಿನವರ ಮೇಲೆ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಯಾರು ಹೇಗೆ ನೋಡುತ್ತಾರೆ, ಯಾರ ಮಾತು ಎಲ್ಲಿ ತಡವರಿಸುತ್ತದೆ. ಅದೇ ಪುಸ್ತಕ, ಆದರೆ ನನ್ನ ಜಾಗ ಬದಲಾಗಿತ್ತು. ಒಮ್ಮೆ ಮೆಚ್ಚಿದ್ದನ್ನು ವರ್ಷಗಳ ಮೇಲೆ ಮತ್ತೆ ಓದಿ ನೋಡಿ. ನಾವೆಷ್ಟು ದೂರ ಬಂದಿದ್ದೇವೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಟಿವಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ನಮ್ಮ ಬೀದಿಗೆ ಟಿವಿ ಬಂದಾಗ ಇದ್ದದ್ದು ಒಂದೇ ಚಾನೆಲ್. ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಹಾಕುತ್ತಿದ್ದರು. ಒಂದು ವಾರ ಬಂಗಾಳಿ, ಇನ್ನೊಂದು ವಾರ ಮಲಯಾಳಂ. ಭಾಷೆ ತಿಳಿಯದು, ಕೆಳಗಿನ ಇಂಗ್ಲಿಷ್ ಅಕ್ಷರ ಓದುವಷ್ಟರಲ್ಲಿ ಮಾಯ. ಆದರೂ ಬೇರೆ ಏನೂ ಇಲ್ಲದ್ದರಿಂದ ಕೂತು ನೋಡುತ್ತಿದ್ದೆವು. ಹಾಡಿಲ್ಲದ, ಹೊಡೆದಾಟವಿಲ್ಲದ ಸಿನಿಮಾವನ್ನು ನೋಡುವ ತಾಳ್ಮೆ ನನಗೆ ಬಂದದ್ದು ಆ ಮಧ್ಯಾಹ್ನಗಳಲ್ಲಿ. ಇಷ್ಟಪಟ್ಟು ಆರಿಸಿಕೊಳ್ಳುವ ಹಾಗಿದ್ದಿದ್ದರೆ ಖಂಡಿತ ನೋಡುತ್ತಿರಲಿಲ್ಲ.

ಅದೇ ಕಾಲಕ್ಕೆ ಮಾಲ್ಗುಡಿ ಡೇಸ್ ಬಂತು. ಮಾತೆಲ್ಲ ಹಿಂದಿ, ಮುಖಗಳೆಲ್ಲ ನಮ್ಮವು. ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ್ದರು. ಚಿತ್ರ ಬರೆದವರು ಆರ್.ಕೆ. ಲಕ್ಷ್ಮಣ್, ಕಥೆ ಅವರ ಅಣ್ಣ ನಾರಾಯಣ್ ಅವರದು, ಇಬ್ಬರೂ ಮೈಸೂರಿನ ಬೀದಿಗಳಲ್ಲಿ ಓಡಾಡಿದವರು. ಇಂಗ್ಲಿಷ್ ಪುಸ್ತಕ ಎಂದರೆ ಪಾಠ ಎಂದುಕೊಂಡಿದ್ದ ನಾನು ಕಥೆಗಾಗಿ ಇಂಗ್ಲಿಷ್ ಓದಿದ್ದು ಆಮೇಲೆಯೇ. ನಾರಾಯಣ್ ಅವರ ಮೊದಲ ಕಾದಂಬರಿ ಬಂದದ್ದು 1935ರಲ್ಲಿ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಶುರು ಮಾಡಿದ್ದೂ ಅದೇ ವರ್ಷ. ಈ ಮೈಕಿನ ಮುಂದೆ ಕೂತು ಅದನ್ನು ಹೇಳುವುದೇ ನನಗೊಂದು ಸಂತೋಷ.

ಈಗ ಫೋನಿನಲ್ಲಿ ಎಲ್ಲವೂ ಇದೆ. ಆದರೆ ಒಂದು ಪತ್ತೇದಾರಿ ಸರಣಿ ನೋಡಿದರೆ ಸಾಕು, ಮರುದಿನದಿಂದ ಬರೀ ಪತ್ತೇದಾರಿಯೇ ಮುಂದೆ ಬಂದು ನಿಲ್ಲುತ್ತದೆ. ನಿನ್ನೆ ಇಷ್ಟಪಟ್ಟದ್ದೇ ಇವತ್ತೂ, ನಾಳೆಯೂ. ಅದಕ್ಕೆ ಹಿಂಬದಿ ಎನ್ನುವುದೇ ಇಲ್ಲ. ನನಗೆ ಕಳವಳ ಆಗುವುದು ಇದಕ್ಕೇ. ಮಕ್ಕಳು ಕಾಮಿಕ್ಸ್ ಓದುತ್ತಾರೆ, ಕಾರ್ಟೂನ್ ನೋಡುತ್ತಾರೆ ಎಂದು ಗೊಣಗುವವರ ಜೊತೆ ನಾನು ಸೇರುವುದಿಲ್ಲ. ಕುವೆಂಪುನಗರದಲ್ಲಿರುವ ನನ್ನ ತಂಗಿಯ ಮಗ ಜಪಾನಿ ಕಾಮಿಕ್ಸ್ ಓದುತ್ತಾನೆ, ಮಾಂಗಾ ಅಂತ. ಒಂದನ್ನು ನನ್ನ ಕೈಗೆ ಕೊಟ್ಟು, "ದೊಡ್ಡಮ್ಮ, ಇದನ್ನ ಬಲಗಡೆಯಿಂದ ಓದ್ಬೇಕು" ಎಂದ. ಮೊದಲು ಕಣ್ಣು ತಡವರಿಸಿತು. ಆಮೇಲೆ ಒಂದೂ ಮಾತಿಲ್ಲದ ಪುಟಗಳು ಬಂದವು. ಮುಖ, ಕಿಟಕಿ, ಮತ್ತೆ ಮುಖ. ಮುಂದೇನಾಯಿತು ಎಂದು ಓಡದೆ ಆ ಪುಟದಲ್ಲೇ ನಿಂತೆ. ಯುದ್ಧದ ಪುಟ ಹುಡುಕುತ್ತಿದ್ದ ಹುಡುಗಿ ಹೀಗೆ ನಿಲ್ಲುತ್ತಿರಲಿಲ್ಲ.

ಲೈಬ್ರರಿಗೆ ಹೋದಾಗ ಈಗ ನಾನು ಒಂದು ಕೆಲಸ ಮಾಡುತ್ತೇನೆ. ಕಪಾಟಿಗೆ ಹೋಗುವ ಮೊದಲು, ಬೇರೆಯವರು ಓದಿ ವಾಪಸ್ ಕೊಟ್ಟ ಪುಸ್ತಕಗಳ ಮೇಜಿನಿಂದ ಒಂದನ್ನು ಎತ್ತಿಕೊಳ್ಳುತ್ತೇನೆ. ಹೋದ ಸಲ ಸಿಕ್ಕಿದ್ದು ಕುಸ್ತಿಯ ಬಗ್ಗೆ. ನಮ್ಮ ಗರಡಿ ಮನೆಗಳು, ಮಟ್ಟಿಯ ಮಣ್ಣನ್ನು ಹದ ಮಾಡುವ ಬಗೆ, ಪಟ್ಟುಗಳ ಹೆಸರು. ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಓದಿದ್ದಾರೆ. ಅರ್ಧ ಮುಗಿಸಿದ್ದೇನೆ. ವಾಪಸ್ ಕೊಡುವ ಮೊದಲು ತಂಗಿಯ ಮಗನ ಮೇಜಿನ ಮೇಲೆ ಒಂದೆರಡು ದಿನ ಇಟ್ಟು ಬರಬೇಕು ಎಂದುಕೊಂಡಿದ್ದೇನೆ.

ನಮಸ್ಕಾರ.